ಹಾಲಿ ವಸ್ತಿ

ನಮ್ಮ ಬೆಳಗಾವಿ ಸೀಮೆಯ ಹಳೆಯ ಖರೀದಿ ಪತ್ರವನ್ನೋ ಗಹಾಣ ಪತ್ರವನ್ನೋ ತೆಗೆದು ನೋಡಿ. ಬರೆದುಕೊಟ್ಟವನ ಹೆಸರು, ಅವನ ಅಪ್ಪನ ಹೆಸರು, ವಯಸ್ಸು, ಉದ್ಯೋಗ ಆದಮೇಲೆ ‘ಸಾ॥’ ಅಂತ ಒಂದು ಗುರುತು ಬರುತ್ತದೆ. ಸಾಕೀನ, ಅಂದರೆ ಇಂಥ ಊರಿನವನು ಅಂತ. ಬಹಳ ಮಂದಿಯದು ಅಲ್ಲಿಗೇ ಮುಗಿಯುತ್ತದೆ. ಆದರೆ ಕೆಲವರ ಹೆಸರಿಗೆ ಇನ್ನೊಂದು ಬಾಲ ಇರುತ್ತದೆ: ‘ಸಾ॥ ಮುರಗೋಡ, ಹಾಲಿ ವಸ್ತಿ ಧಾರವಾಡ.’ ಊರು ಒಂದು, ಸದ್ಯ ಇರುವುದು ಇನ್ನೊಂದು. ಮುತ್ಯಾನ ಮುತ್ಯಾ ಎಲ್ಲಿ ಹೋಗಿ ಕಡೆಗೆ ಎಲ್ಲಿ ಕಣ್ಣು ಮುಚ್ಚಿದ ಅಂತ ಹುಡುಕುವವರಿಗೆಲ್ಲ ಬೇಕಾಗಿರುವುದು ಈ ಎರಡನೆಯ ಮಾತು. ಮೊದಲನೆಯದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಲಂಡನ್ನಿನಲ್ಲೋ ಮುಂಬಯಿಯಲ್ಲೋ ಹುಡುಕುವವರು ಪುಣ್ಯವಂತರು. ಅಲ್ಲಿ ವರ್ಷಕ್ಕೊಂದು ಡೈರೆಕ್ಟರಿ ಅಚ್ಚಾಗುತ್ತಿತ್ತು. ರಸ್ತೆ, ಮನೆ ನಂಬರು, ಇರುವವನ ಹೆಸರು, ಕಸುಬು ಎಲ್ಲ ಅಕ್ಷರಾನುಕ್ರಮದಲ್ಲಿ. ಒಂದು ವರ್ಷ ಹೆಸರು ಇದ್ದು ಮರುವರ್ಷ ಇಲ್ಲ ಅಂದರೆ ಮನುಷ್ಯ ಮನೆ ಬಿಟ್ಟ ಇಲ್ಲವೇ ಲೋಕ ಬಿಟ್ಟ. ಬೈಲಹೊಂಗಲದಾಗ, ಸವದತ್ತಿಯಾಗ ಅಂಥದ್ದು ಎಲ್ಲಿಂದ ಬರಬೇಕು? ನಮ್ಮಲ್ಲಿ ವಿಳಾಸ ಅಂದರೆ ಓಣಿ, ಅಗಸಿ, ಬಾವಿ, ಯಾರದೋ ವಾಡೆದ ಹಿಂದಿನ ಮಗ್ಗಲು. ಬಾಯಲ್ಲಿ ಹೇಳಿದರೆ ಹುಡುಗರೂ ಮನೆ ತೋರಿಸುತ್ತಿದ್ದವು, ಬರೆದಿಡುವ ಪ್ರಸಂಗ ಬರಲಿಲ್ಲ.

ಒಂದು ವಿಳಾಸವನ್ನು ಮಾತ್ರ ನಮ್ಮ ಮಂದಿ ಎಲ್ಲಿಗೆ ಹೋದರೂ ಹೊತ್ತುಕೊಂಡು ಹೋದರು. ಅದು ಅಡ್ಡಹೆಸರು. ಕಿತ್ತೂರಲ್ಲಿ ಯಾರಿಗೂ ‘ಕಿತ್ತೂರ’ ಅಂತ ಅಡ್ಡಹೆಸರು ಇಡುವ ಅಗತ್ಯ ಇರಲಿಲ್ಲ, ಅಲ್ಲಿ ಎಲ್ಲರೂ ಕಿತ್ತೂರವರೇ. ಕಿತ್ತೂರು ಬಿಟ್ಟು ಹುಬ್ಬಳ್ಳಿಗೆ ಬಂದವನಿಗೆ ಆ ಹೆಸರು ಹತ್ತಿತು. ಮುನವಳ್ಳಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲವೂ ಹೀಗೆ ಮನುಷ್ಯರ ಹೆಸರಾದವು. ಹಂಗಾಗಿ ಊರಿನ ಅಡ್ಡಹೆಸರು ಬಹುಮಟ್ಟಿಗೆ ಕೊನೆಯ ವಿಳಾಸ ಅಲ್ಲ, ಅದರ ಹಿಂದಿನ ವಿಳಾಸ. ಬಿಟ್ಟುಬಂದದ್ದನ್ನು ಹೇಳುತ್ತದೆ, ಹೋಗಿ ಸೇರಿದ್ದನ್ನು ಹೇಳುವುದಿಲ್ಲ. ‘ನಮ್ಮ ಅಡ್ಡಹೆಸರು ಮುನವಳ್ಳಿ, ಆದ್ರ ಮುನವಳ್ಳಿಯಾಗ ನಮ್ಮನ್ನ ಗುರುತು ಹಿಡಿಯೋರ ಇಲ್ಲ’ ಅಂತ ಬೇಸರ ಮಾಡಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಆ ಹೆಸರನ್ನು ಕೊಟ್ಟವರು ಮುನವಳ್ಳಿಯವರಲ್ಲ, ಬಂದು ಸೇರಿದ ಊರಿನವರು.

ಕೊನೆಯ ವಿಳಾಸ ಎಂದರೆ ಈ ಭಾಗದಲ್ಲಿ ಮೊದಲು ನೆನಪಾಗುವವಳು ರಾಣಿ ಚನ್ನಮ್ಮ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಟ್ಟರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಸಮಾಧಿ ಬೈಲಹೊಂಗಲದಲ್ಲಿಯೇ ಇದೆ. ಲಿಂಗಾಯತರಲ್ಲಿ ಹೂಳುವ ಪದ್ಧತಿ ಇರುವುದರಿಂದ ನಮಗೆ ಇಷ್ಟಾದರೂ ಉಳಿಯಿತು. ಸುಟ್ಟಿದ್ದರೆ ಮಲಪ್ರಭೆಗೆ ಬೂದಿ, ಕಾಗದದಾಗ ಒಂದು ಸಾಲು.

ಕಾಗದದ ವಿಷಯಕ್ಕೆ ಬಂದರೆ ಬಹಳ ಮಂದಿ ಒಂದು ಕಡೆ ತಪ್ಪುತ್ತಾರೆ. ಬೈಲಹೊಂಗಲ ಅಂದ ಕೂಡಲೇ ಬೆಳಗಾವಿ ಜಿಲ್ಲೆಯ ದಾಖಲೆ ಹುಡುಕಲು ಹೋಗುತ್ತಾರೆ. ಚನ್ನಮ್ಮ ತೀರಿಕೊಂಡಾಗ ಬೆಳಗಾವಿ ಜಿಲ್ಲೆ ಅನ್ನುವುದೇ ಇರಲಿಲ್ಲ. ಅದು ಆದದ್ದು 1836ರಲ್ಲಿ, ಧಾರವಾಡ ಜಿಲ್ಲೆಯನ್ನು ಒಡೆದು. ಅದಕ್ಕಿಂತ ಮುಂಚಿನ ಕಿತ್ತೂರಿನದು, ಬೈಲಹೊಂಗಲದ್ದು ಏನೇ ಇದ್ದರೂ ಧಾರವಾಡದ ಕಲೆಕ್ಟರ್ ಮುಂಬಯಿ ಸರಕಾರಕ್ಕೆ ಬರೆದ ಪತ್ರಗಳ ಕಟ್ಟಿನಲ್ಲಿ ಹುಡುಕಬೇಕು. ಮುಂಬಯಿ ಸರಕಾರದ ಹಳೆಯ ಕಡತಗಳು ಈಗ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಬೈಲಹೊಂಗಲದ ಮನುಷ್ಯನ ಕೊನೆಯ ದಿನಗಳನ್ನು ಹುಡುಕಲು ಮುಂಬಯಿಯ ಕಾಳಾಘೋಡಾಕ್ಕೆ ಹೋಗಬೇಕಾದದ್ದು ವಿಚಿತ್ರ ಅನಿಸಬಹುದು, ದಾರಿ ಇರುವುದು ಮಾತ್ರ ಹಾಗೆಯೇ.

ಥ್ಯಾಕರೆಯದು ಹಾಗಲ್ಲ. ಅವನು ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಅವನ ನೆನಪಿಗೆ ಧಾರವಾಡದಲ್ಲಿ ಕಲ್ಲು ನಿಲ್ಲಿಸಿದರು. ಕಂಪನಿಯ ಮುಂಬಯಿ ಇಲಾಖೆಯಲ್ಲಿ ಸತ್ತ ಕ್ರೈಸ್ತ ಬಿಳಿಯರ ದಫನದ ಪಟ್ಟಿಗಳು ಚರ್ಚುಗಳಿಂದ ಲಂಡನ್ನಿಗೆ ಹೋಗುತ್ತಿದ್ದವು. ಇವತ್ತಿಗೂ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಡಿಯಾದಲ್ಲಿ ಸತ್ತ ತಮ್ಮ ಅಜ್ಜಂದಿರನ್ನು ಹುಡುಕುವ ಇಂಗ್ಲೆಂಡಿನವರಿಗಾಗಿಯೇ ಒಂದು ಸಂಘ ಇದೆ. ಅದೇ ಅಕ್ಟೋಬರ್ 23ರಂದು ಕೋಟೆಯ ಒಳಗಿನಿಂದ ಹೊರಬಿದ್ದು ಹೋರಾಡಿ ಸತ್ತವರ ಪಟ್ಟಿ ಯಾರೂ ಲಂಡನ್ನಿಗೆ ಕಳಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ‘ನಮ್ಮವರೂ ಕಿತ್ತೂರ ಕಾಳಗದಾಗ ಇದ್ರು’ ಅನ್ನುವ ಮನೆತನ ಊರಿಗೊಂದು ಸಿಗುತ್ತದೆ. ನಗಬೇಡಿ. ಅದರಲ್ಲಿ ಎಷ್ಟೋ ನಿಜ ಇರಬಹುದು, ರುಜುವಾತು ಮಾಡುವ ಕಾಗದ ಮಾತ್ರ ಅವರ ಕೈಯಲ್ಲಿ ಇಲ್ಲ.

ಸಂಗೊಳ್ಳಿ ರಾಯಣ್ಣನದಂತೂ ಕೊನೆಯ ವಿಳಾಸವೇ ದೊಡ್ಡ ವಿಳಾಸ ಆಯಿತು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯವನು, 1831ರ ಜನವರಿ 26ರಂದು ಗಲ್ಲಿಗೇರಿದ್ದು ಖಾನಾಪುರದ ನಂದಗಡದಲ್ಲಿ. ಮಂದಿ ಇವತ್ತಿಗೂ ನಂದಗಡದ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಇನ್ನು ಹೆಸರುಗಳ ಗೊಂದಲ. ಹಳೆಯ ಕಂದಾಯ ದಾಖಲೆಯಲ್ಲಿ ‘ಬೈಲಹೊಂಗಲ ತಾಲೂಕು’ ಅಂತ ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ. ಅದರ ಹೆಸರು ಸಂಪಗಾವ ತಾಲೂಕು. ಸವದತ್ತಿ ತಾಲೂಕಿನ ಹೆಸರು ಪರಸಗಡ, ಸವದತ್ತಿ ಹತ್ತಿರದ ಗುಡ್ಡದ ಮೇಲಿನ ಕೋಟೆಯ ಹೆಸರು ಅದು. 1884ರಲ್ಲಿ ಬಂದ ಬೆಳಗಾವಿ ಗೆಜೆಟಿಯರ್ ತೆರೆದರೂ ಇದೇ ಹೆಸರುಗಳು. ಕಿತ್ತೂರು ಆಗ ಸಂಪಗಾವದಲ್ಲಿ, ಈಚಿನ ವರ್ಷಗಳಲ್ಲಿ ತಾನೇ ತಾಲೂಕಾಗಿದೆ. ಯರಗಟ್ಟಿಯೂ ಹಾಗೆ. ರಾಮದುರ್ಗ ತಾಲೂಕೇ ಅಲ್ಲ, ಅದೊಂದು ಸಂಸ್ಥಾನ. ಶಾಸನಗಳ ಕಾಲಕ್ಕೆ ಹೋದರೆ ಸವದತ್ತಿಯೂ ಸವದತ್ತಿ ಅಲ್ಲ, ರಟ್ಟರ ಸುಗಂಧವರ್ತಿ. ಅಷ್ಟು ಹಿಂದಕ್ಕೆ ನಮ್ಮ ಮುತ್ಯಾಗಳು ಸಿಗುವುದಿಲ್ಲ, ಬಿಡಿ.

ಒಂದೇ ಹೊಸ್ತಿಲಲ್ಲಿ ಕುಳಿತ ಮನೆತನದ ವಿಳಾಸ ಎಷ್ಟು ಸಲ ಬದಲಾಯಿತು ನೋಡಿ: 1836ರ ತನಕ ಧಾರವಾಡ ಜಿಲ್ಲೆ, ಆಮೇಲೆ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 2014ರಿಂದ ಇಂಗ್ಲಿಷಿನಲ್ಲೂ ಬೆಳಗಾವಿ. ಮನುಷ್ಯ ಕಟ್ಟೆ ಇಳಿದಿಲ್ಲ, ವಿಳಾಸ ತಾನೇ ತಿರುಗಾಡಿದೆ.

ಇಸವಿಯ ತೊಡಕೂ ಇದೆ. ಹಳೆಯ ಕಾಗದದಲ್ಲಿ ಇಸವಿ ಬರೆಯದೆ ಶಕೆ ಇಲ್ಲವೇ ಫಸಲಿ ಬರೆದಿರುತ್ತಾರೆ. ಶಕೆಗೆ 78 ಕೂಡಿಸಿ, ಫಸಲಿಗೆ 590 ಕೂಡಿಸಿ. ಶಕೆ 1746, ತಾರಣ ಸಂವತ್ಸರ ಅಂದರೆ ಕಿತ್ತೂರಿನ 1824. ಸುಗ್ಗಿಯ ಲೆಕ್ಕದ ವರ್ಷ ಆದ್ದರಿಂದ ಫಸಲಿಯಲ್ಲಿ ಆ ಕಡೆ ಈ ಕಡೆ ಒಂದು ವರ್ಷ ಸರಿಯುತ್ತದೆ. ಕುಲಕರ್ಣಿಗಳ ದಫ್ತರ ಇನ್ನೂ ಗಟ್ಟಿ, ಬಹಳಷ್ಟು ಮೋಡಿ ಲಿಪಿಯಲ್ಲಿ. ಪೆನ್ನು ಎತ್ತದೆ ಬರೆದ ಆ ಅಕ್ಷರ ಮರಾಠಿ ಬಲ್ಲವರಿಗೂ ಕೂಡಲೇ ಓದಲು ಬರುವುದಿಲ್ಲ. 1950ರ ಕಾಯಿದೆಯಿಂದ ಕುಲಕರ್ಣಿ ವತನ ಹೋಗಿ ತಲಾಠಿ ಬಂದರು. ದಫ್ತರ ಸರಕಾರಕ್ಕೆ ಒಪ್ಪಿಸಿದವರು ಒಪ್ಪಿಸಿದರು, ಒಪ್ಪಿಸದವರ ಅಟ್ಟದ ಮೇಲೆ ಗಂಟು ಹಾಗೇ ಉಳಿಯಿತು. ಅಂಥ ಗಂಟಿಗೆ ಇಲಿ ಒಂದು ವೈರಿ, ದೀಪಾವಳಿಯ ಮನೆ ಸಾರಿಸುವ ಕೆಲಸ ಇನ್ನೊಂದು ವೈರಿ.

ನನ್ನ ಲೆಕ್ಕದಲ್ಲಿ ನಮ್ಮ ಭಾಗದ ಅತಿ ಒಳ್ಳೆಯ ವಂಶಾವಳಿಗಳು ಸಿಗುವುದು ಇನಾಮ್ ಕಮಿಶನ್ನಿನ ಕಡತದಲ್ಲಿ. ಇದನ್ನು ಹೇಳುವಾಗ ಸ್ವಲ್ಪ ಮೈ ಉರಿಯುತ್ತದೆ. ಯಾಕೆಂದರೆ ಆ ವಂಶಾವಳಿಗಳನ್ನು ಬರೆಸಿಕೊಂಡದ್ದು ನಮ್ಮ ಹಿರಿಯರ ನೆನಪಿಗಲ್ಲ, ಹೊಲ ಕಸಿದುಕೊಳ್ಳುವುದಕ್ಕೆ. ಈ ಭೂಮಿ ನಿಮಗೆ ಯಾರು ಕೊಟ್ಟರು, ಸನದು ಎಲ್ಲಿ, ಪಡೆದವನ ಮಗ ಯಾರು, ಮೊಮ್ಮಗ ಯಾರು, ನಡುವೆ ದತ್ತಕ ಆಗಿದೆಯೇ, ಆಗಿದ್ದರೆ ಸರಕಾರದ ಒಪ್ಪಿಗೆ ಇತ್ತೇ? ಹೀಗೆ ಮನೆತನದ ಜಾತಕವನ್ನೆಲ್ಲ ಕೇಳಿ ಬರೆದುಕೊಂಡರು. 1852ರ ಕಾಯಿದೆ ಬಂದಮೇಲೆ ಇದು ಇನ್ನೂ ಬಿಗಿಯಾಯಿತು. ಕಿತ್ತೂರಿನ ಜಗಳ ಹುಟ್ಟಿದ್ದೂ ದತ್ತಕದಿಂದಲೇ ಅಲ್ಲವೇ? ಮಾಸ್ತಮರಡಿಯ ಹುಡುಗನನ್ನು ದತ್ತಕ ತೆಗೆದುಕೊಂಡದ್ದನ್ನು ಥ್ಯಾಕರೆ ಒಪ್ಪಲಿಲ್ಲ. ಮೂವತ್ತು ನಾಲ್ಕು ವರ್ಷ ಆದಮೇಲೆ ನರಗುಂದದಲ್ಲಿ ಅದೇ ಕಥೆ. ಭಾಸ್ಕರರಾವ್ ಭಾವೆಗೆ ದತ್ತಕದ ಒಪ್ಪಿಗೆ ಸಿಗಲಿಲ್ಲ. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ಸುರೇಬಾನ ಇವತ್ತು ರಾಮದುರ್ಗ ತಾಲೂಕಿನಲ್ಲಿದೆ. ಈ ಮ್ಯಾನ್ಸನ್ ಮೊದಲು ಇದೇ ಇನಾಮ್ ಕಮಿಶನ್ನಿನ ಕೆಲಸದಲ್ಲಿದ್ದವನು, ಎಷ್ಟು ಮನೆಗಳ ಶಾಪ ಅವನ ಬೆನ್ನಿಗಿತ್ತೋ. ಜೂನ್ 12ರಂದು ಭಾಸ್ಕರರಾಯನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ನರಗುಂದದ ದೊರೆಯ ಕೊನೆಯ ವಿಳಾಸವೂ ಹೀಗೆ ತನ್ನ ಊರಿನದ್ದಲ್ಲ.

ಸರಕಾರ ಹೆದರಿಸಿ ಬರೆಸಿಕೊಂಡ ಆ ಕಾಗದಗಳು ಪುಣೆಯ ಪೇಶ್ವೆ ದಫ್ತರದಲ್ಲಿ ಸೇರಿವೆ. ಇನಾಮು, ಶೇತಸನದಿ, ಕುಲಕರ್ಣಿಕೆ, ಗೌಡಿಕೆ, ಮಠದ ಮಾನ್ಯ, ಹೀಗೆ ಏನಾದರೂ ಒಂದು ವತನ ಇದ್ದ ಮನೆತನದವರಿಗೆ ನಾಲ್ಕು ತಲೆಮಾರು ಸಿಗುವುದು ಅಲ್ಲಿ. ವತನ ಇಲ್ಲದವರಿಗೆ, ಅಂದರೆ ನಮ್ಮಂಥ ಬಹುಪಾಲು ಮಂದಿಗೆ, ಅಲ್ಲಿ ಏನೂ ಇಲ್ಲ.

ಹಾಗಾದರೆ ನಮ್ಮಂಥವರ ಸಾವು ಎಲ್ಲಿ ಬರೆದಿದೆ? ಊರಿನ ಮರಣ ರಜಿಸ್ಟರಿನಲ್ಲಿ. ಗೌಡ ಕುಲಕರ್ಣಿಗಳು ಬರೆದು ಮಾಮಲೇದಾರ ಕಚೇರಿಗೆ ಕಳಿಸಿದ್ದು. ತಾರೀಖು, ಹೆಸರು, ಜಾತಿ, ಗಂಡೋ ಹೆಣ್ಣೋ, ವಯಸ್ಸು, ಸತ್ತ ಕಾರಣ. ಕಾರಣಕ್ಕೆ ಸರಕಾರ ಕೊಟ್ಟಿದ್ದ ಮನೆಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಗಾಯ, ಇತರ. ಮನುಷ್ಯ ಯಾವುದರಿಂದ ಸತ್ತರೂ ಈ ಮನೆಗಳಲ್ಲಿ ಒಂದಕ್ಕೆ ಹೋಗಿ ಕೂರಬೇಕು, ಹಂಗಾಗಿ ಬಹಳ ಮಂದಿ ‘ಜ್ವರ’ದಿಂದಲೇ ಸತ್ತಿದ್ದಾರೆ. ಪ್ಲೇಗಿನ ಕಾಲದಲ್ಲಿ ಅದಕ್ಕೆ ಬೇರೆ ಮನೆ ಮಾಡಿದರು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಎಲ್ಲ ಮುಟ್ಟಿತು. ಇಲಿ ಬಿದ್ದಿತು ಅಂದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಊರೆಲ್ಲ ಖಾಲಿ, ಅಡವಿಯೆಲ್ಲ ಊರು. ಆಗ ಸತ್ತವರ ಕೊನೆಯ ವಿಳಾಸ ಯಾವ ಓಣಿಯೂ ಅಲ್ಲ, ಜೋಳದ ದಂಟಿನ ಗುಡಿಸಲು. ರಜಿಸ್ಟರಿನಲ್ಲಿ ಊರಿನ ಹೆಸರಷ್ಟೇ ಇರುತ್ತದೆ.

ಇಲ್ಲಿಯ ತನಕ ಹೇಳಿದ್ದೆಲ್ಲ ‘ಇರುವಲ್ಲಿಯೇ ಸತ್ತವರ’ ಕಥೆ. ಊರು ಬಿಟ್ಟು ಹೋದವರನ್ನು ಹಿಡಿಯಬೇಕಾದರೆ ನನಗೆ ಗೊತ್ತಿರುವ ಒಂದೇ ಒಳ್ಳೆಯ ಬಲೆ ಸಬ್‌ರಜಿಸ್ಟ್ರಾರ್ ಕಚೇರಿಯ ಇಂಡೆಕ್ಸ್. ನೋಂದಣಿ ಕಾಯಿದೆಯ ಪ್ರಕಾರ ‘ಇಂಡೆಕ್ಸ್ ಒಂದು’ ಅನ್ನುವ ಪುಸ್ತಕದಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಎಲ್ಲರ ಹೆಸರನ್ನೂ ವಿವರ ಸಮೇತ ಇಡಬೇಕು. ‘ಇಂಡೆಕ್ಸ್ ಎರಡು’ ಆಸ್ತಿಯ ಮೇಲಿನಿಂದ ಹುಡುಕುವುದಕ್ಕೆ. ವಿವರ ಅಂದರೆ ಏನು ಅಂತ ಕಾಯಿದೆಯೇ ಹೇಳುತ್ತದೆ: ವಾಸಸ್ಥಳ, ಕಸುಬು, ಅಪ್ಪನ ಹೆಸರು. ಹೆಸರು, ಊರು, ಕಸುಬು ಮೂರೂ ಒಂದೇ ಕಡೆ ಸಿಗುವ ಪುಸ್ತಕಕ್ಕೆ ಲಂಡನ್ನಿನವರು ಡೈರೆಕ್ಟರಿ ಅನ್ನುತ್ತಾರೆ. ಬೈಲಹೊಂಗಲದ ಡೈರೆಕ್ಟರಿ ಇದೇ. ಅಚ್ಚಾಗಲಿಲ್ಲ, ಅಷ್ಟೇ. ಹೊಲ ಮನೆ ಇಲ್ಲದವರು ಇದರಲ್ಲಿಯೂ ಇಲ್ಲ ಅನ್ನುವುದನ್ನು ಮರೆಯಬಾರದು.

ನಮ್ಮ ಮನೆತನದ್ದೇ ಒಂದು ಪ್ರಕರಣ ಹೇಳುತ್ತೇನೆ, ಈ ಬಲೆ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು. ಪರಸಗಡ ತಾಲೂಕಿನ ಒಂದು ಹಳ್ಳಿ ನಮ್ಮದು. ನಮ್ಮ ಅಜ್ಜನ ಅಪ್ಪ ಪ್ಲೇಗಿನ ಗುಡಿಸಲಿನಿಂದ ಒಂದು ದಿನ ಎದ್ದು ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಅವನ ಸುದ್ದಿ ಬಂದರೆ ‘ಓಡಿ ಹೋದಾಂವ’ ಅನ್ನುವ ಒಂದೇ ಮಾತು. ಮಾನವಮಿ ಅಮಾಸಿಗೆ ಹಿರಿಯರಿಗೆ ಎಡೆ ಇಡುವಾಗ ಅವನ ಹೆಸರಿಗೆ ಎಡೆ ಇರಲಿಲ್ಲ. ಸತ್ತ ಅಂತ ಗೊತ್ತಾಗದೆ ಎಡೆ ಹೇಗೆ ಇಡುವುದು ಅನ್ನುವುದು ಬಾಯಿಮಾತಿನ ಕಾರಣ, ಒಳಗಿನದು ಸಿಟ್ಟು. ಅವನು ಹೋಗುವಾಗ ನಾಲ್ಕು ಎಕರೆ ಎರಿ ಹೊಲ ಗಹಾಣದಲ್ಲಿತ್ತು. ಹೆಂಡತಿ ಕೂಲಿ ಮಾಡಿ ಮಕ್ಕಳನ್ನು ಸಾಕಿದಳು. ಹೊಲವನ್ನು ಅವಳ ಅಣ್ಣ ಬಿಡಿಸಿಕೊಟ್ಟ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದದ್ದು.

ಕಾಕಾ ಹೊಲದ ವಾರಸಾ ಮಾಡಿಸಲು ಹೋದಾಗ ಹಳೆಯ ಕಾಗದ ಬೇಕಾಯಿತು. ಸತ್ತವರ ಹೆಸರಿನಲ್ಲಿಯೇ ಉಳಿದ ಖಾತೆಗೆ ಕಂದಾಯದವರು ‘ಪೌತಿ’ ಅನ್ನುತ್ತಾರಲ್ಲ, ಅದರ ಸಲುವಾಗಿ. ನಮ್ಮ ಕಡೆ ಪಹಣಿಗೆ ಉತಾರ ಅನ್ನುತ್ತೇವೆ. ಉತಾರದ ಇತರ ಹಕ್ಕಿನ ಕಾಲಮ್ಮಿನಲ್ಲಿ ಒಂದು ಹಳೆಯ ನಂಬರು ಗೋಲ ಹಾಕಿ ಬರೆದಿತ್ತು. ಆ ನಂಬರು ಡೈರಿಯದು, ಅಂದರೆ ಫೇರಫಾರ ಬರೆಯುವ ಪುಸ್ತಕದ್ದು. ರೆಕಾರ್ಡ್ ರೂಮಿನವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: ‘ಹೆಸರ ಹೇಳಿದ್ರ ಹುಡಕಾಕ ಆಗೂದಿಲ್ರಿ, ನಂಬರ್ ಹೇಳ್ರಿ, ಈಗಿಂದೀಗ ತಗದ ಕೊಡ್ತೇನಿ.’ ನಿಜವಾದ ಮಾತು. ಕಂದಾಯದ ದಾಖಲೆಗೆ ಮನುಷ್ಯರ ಪರಿಚಯ ಇಲ್ಲ, ನಂಬರಿನ ಪರಿಚಯ ಇದೆ. ಡೈರಿಯಲ್ಲಿ ಎರಡೇ ಸಾಲು: ರಜಿಸ್ಟರ್ ಪತ್ರದ ಪ್ರಕಾರ ಬೋಜಾ ಕಮಿ. ಕೆಳಗೆ ಪತ್ರದ ನಂಬರು, 1923ನೇ ಇಸವಿ.

ಆ ನಂಬರು ಹಿಡಿದು ಸವದತ್ತಿಯಲ್ಲಿ ಪತ್ರದ ನಕಲು ತೆಗೆಸಿದೆವು. ಸಾಲ ಕೊಟ್ಟವನು ಬರೆದುಕೊಟ್ಟ ಬಿಡುಗಡೆ ಪತ್ರ. ಗಹಾಣದ ರೊಕ್ಕ 300 ರೂಪಾಯಿ ಪೂರಾ ಮುಟ್ಟಿತು, ಹೊಲದ ಮೇಲೆ ನನ್ನದೇನೂ ಉಳಿಯಲಿಲ್ಲ ಅಂತ. ರೊಕ್ಕ ಕೊಟ್ಟವನ ಹೆಸರು ಹೆಂಡತಿಯ ಅಣ್ಣನದಲ್ಲ, ಓಡಿ ಹೋದವನದು. ಉದ್ಯೋಗ ನೇಕಾರಿಕೆ. ಸಾ॥ ನಮ್ಮ ಹಳ್ಳಿ, ಹಾಲಿ ವಸ್ತಿ ಸಂಸ್ಥಾನ ರಾಮದುರ್ಗ.

ಒಕ್ಕಲುತನದವನು ಮಗ್ಗದ ಮೇಲೆ ಕುಳಿತು 300 ರೂಪಾಯಿ ಕೂಡಿಸಿದ್ದಾನೆ. ಆ ಕಾಲಕ್ಕೆ ಎಷ್ಟು ವರ್ಷದ ಕೂಲಿ ಅದು ಅಂತ ಲೆಕ್ಕ ಹಾಕುತ್ತ ಕಾಕಾ ಬಸ್‌ಸ್ಟ್ಯಾಂಡಿನ ತನಕ ಮಾತಾಡಲಿಲ್ಲ. ಸವದತ್ತಿಯಿಂದ ನಮ್ಮ ಹಳ್ಳಿ ಅಷ್ಟೇನೂ ದೂರ ಇಲ್ಲ. ಪತ್ರದ ದಿವಸ ಅವನು ಸವದತ್ತಿಗೆ ಬಂದಿದ್ದನೋ, ಯಾರ ಕೈಯಲ್ಲಾದರೂ ರೊಕ್ಕ ಕಳಿಸಿದ್ದನೋ, ಪತ್ರ ಅದನ್ನು ಹೇಳುವುದಿಲ್ಲ. ಆ ವರ್ಷದ ಅಮಾಸಿಗೆ ಎಡೆ ಒಂದು ಹೆಚ್ಚಾಯಿತು. ದೊಡ್ಡವ್ವ ಮಾತ್ರ ಎಡೆಗೆ ಕೈ ಮುಗಿದು ಎದ್ದವಳು, ‘ರೊಕ್ಕಾ ಕೊಟ್ಟಾನ, ಖರೆ. ಮಾರಿ ತೋರಿಸಿದ್ನೇನು?’ ಅಂದಳು. ಅವಳಿಗೆ ಉತ್ತರ ಕೊಡುವ ಇಂಡೆಕ್ಸು ಇಲ್ಲ.

ಇದೇ ಕಾಯಿದೆಯ ಅದೇ ವ್ಯಾಖ್ಯೆಯಲ್ಲಿ ಒಂದು ಸಣ್ಣ ಮಾತಿದೆ, ಬಹಳ ಮಂದಿ ಗಮನಿಸಿರುವುದಿಲ್ಲ. ಅಪ್ಪನ ಹೆಸರು ಬರೆಯಿರಿ, ಆದರೆ ಯಾರನ್ನು ರೂಢಿಯಲ್ಲಿ ತಾಯಿಯ ಮಗ ಅಂತಲೇ ಕರೆಯುತ್ತಾರೋ ಅವರಿಗೆ ತಾಯಿಯ ಹೆಸರು ಬರೆಯಿರಿ ಅಂತ. 1908ರ ಕಾಯಿದೆಯ ಮಾತು ಇದು. ಸವದತ್ತಿ ಯಲ್ಲಮ್ಮನ ಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಮನೆಗೆ ಹೋಗುತ್ತಿರಲಿಲ್ಲ, ತವರಲ್ಲಿಯೇ ಉಳಿದು ಮಗನ ಹಾಗೆ ಆಸ್ತಿಗೆ ಬಾಧ್ಯರಾಗುವ ರೂಢಿ ಇತ್ತು. ಅವರ ಮಕ್ಕಳು ತಾಯಿಯ ಹೆಸರಿನಿಂದಲೇ ಗುರುತಾದರು. ಹಿಂಗಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ‘ಕೋಂ’ ಅನ್ನುವ ಎರಡಕ್ಷರದ ಹಿಂದೆ ಗಂಡನ ಹೆಸರಿಗೆ ಕಟ್ಟಿಟ್ಟ ದಾಖಲೆಗಳು, ಈ ಹೆಣ್ಣುಮಕ್ಕಳನ್ನು ಅವರದೇ ಹೆಸರಿನಲ್ಲಿ ಬರೆದುಕೊಂಡವು. ಗೌರವದಿಂದ ಬರೆದದ್ದಲ್ಲ, ಬೇರೆ ಹೆಸರು ಇರಲಿಲ್ಲ ಅಂತ ಬರೆದದ್ದು. 1934ರಲ್ಲಿ ಮುಂಬಯಿ ಸರಕಾರ, 1982ರಲ್ಲಿ ಕರ್ನಾಟಕ ಇದನ್ನು ತಡೆಯಲು ಕಾಯಿದೆ ಮಾಡಿದವು. ಆದರೂ ಈ ಭಾಗದಿಂದ ಮುಂಬಯಿ ಪುಣೆಗಳ ಕೆಟ್ಟ ಓಣಿಗಳಿಗೆ ಹೋದ ಹುಡುಗಿಯರ ಹಾಲಿ ವಸ್ತಿಯನ್ನು ಯಾವ ಕಚೇರಿಯಲ್ಲೂ ಯಾರೂ ಬರೆಸಲಿಲ್ಲ. ಅವರನ್ನು ಹುಡುಕಿಕೊಂಡು ಹೋದ ಮೊಮ್ಮಕ್ಕಳೂ ಕಡಿಮೆ.

ಹೆಣ್ಣುಮಕ್ಕಳ ಹೆಸರಿನ ಈ ಗೋಳು ನಮ್ಮದಷ್ಟೇ ಅಲ್ಲ. ಸ್ವತಂತ್ರ ಭಾರತದ ಮೊದಲ ಚುನಾವಣೆಯ ಪಟ್ಟಿಯಲ್ಲಿ ‘ಇಂಥವನ ಹೆಂಡತಿ, ಇಂಥವನ ತಾಯಿ’ ಅಂತ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದಲೇ ಕೈಬಿಡಬೇಕಾಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು.

ದತ್ತಕ ಹೋದವರ ಜಾಡು ಹಿಡಿಯುವುದು ಇನ್ನೊಂದು ಕಷ್ಟ. ದತ್ತಕ ಆದ ಕೂಡಲೇ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಊರು ನಾಲ್ಕೂ ಒಟ್ಟಿಗೇ ಬದಲಾಗುತ್ತವೆ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿ, ತಮ್ಮ ಸಂಸ್ಥಾನವನ್ನೆಲ್ಲ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡವರು, ಹುಟ್ಟಿದ್ದು ಶಿಗ್ಲಿಯಲ್ಲಿ ಬೇರೆ ಮನೆತನದಲ್ಲಿ, ಬೇರೆ ಹೆಸರಿನಲ್ಲಿ. ಅವರು ದೊಡ್ಡವರಾದ್ದರಿಂದ ಎರಡೂ ವಿಳಾಸ ನಮಗೆ ಗೊತ್ತು. ಬಡವರ ಮನೆಯಿಂದ ದತ್ತಕ ಹೋದ ಹುಡುಗರು ಹುಟ್ಟಿದ ಮನೆಯ ಲೆಕ್ಕದಲ್ಲಿ ಸತ್ತ ಹಾಗೆಯೇ.

ರಾಮದುರ್ಗದ ದಾರಿ ಬೇರೆ. ಮಲಪ್ರಭೆ ಕಿತ್ತೂರ ಸೀಮೆಯ ಪಕ್ಕದಿಂದ ಬೈಲಹೊಂಗಲ, ಮುನವಳ್ಳಿ, ಸವದತ್ತಿ ದಾಟಿ ರಾಮದುರ್ಗಕ್ಕೆ ಹರಿಯುತ್ತದೆ, ನೀರಿಗೆ ಗಡಿ ಇಲ್ಲ. ಆದರೆ ಕಾಗದ ಗಡಿಯಲ್ಲಿ ನಿಂತುಬಿಡುತ್ತದೆ. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಅದರ ಮೇಲೆ ಕಣ್ಣಿಟ್ಟಿದ್ದವನು ಕೊಲ್ಲಾಪುರದ ಏಜೆಂಟ್. 1933ರ ನಂತರ ಡೆಕ್ಕನ್ ಸಂಸ್ಥಾನಗಳ ಏಜೆನ್ಸಿ. ಬೆಳಗಾವಿ ಜಿಲ್ಲೆಯ ಪುಸ್ತಕದಿಂದ ಮನುಷ್ಯ ಸಂಸ್ಥಾನದೊಳಗೆ ಕಾಲಿಟ್ಟರೆ ಆ ಪುಸ್ತಕದ ಮಟ್ಟಿಗೆ ಮಾಯ. ಸಾಲಗಾರರಿಗೆ, ಪೊಲೀಸರಿಂದ ತಪ್ಪಿಸಿಕೊಳ್ಳುವವರಿಗೆ ಇದರ ಅನುಕೂಲ ಚೆನ್ನಾಗಿ ಗೊತ್ತಿತ್ತು. 1939ರ ಏಪ್ರಿಲ್‌ನಲ್ಲಿ ರಾಮದುರ್ಗದಲ್ಲಿ ಪ್ರಜಾಸಂಘದ ಚಳವಳಿ ಕೈಮೀರಿ ಜೈಲು ಒಡೆದು ಪೊಲೀಸರು ಸತ್ತಾಗ, ತಲೆಮರೆಸಿಕೊಂಡವರು ಓಡಿದ್ದು ಉಲ್ಟಾ ದಿಕ್ಕಿಗೆ, ಸಂಸ್ಥಾನದಿಂದ ಹೊರಗೆ. ಆ ಮನೆಗಳಲ್ಲೂ ಓಡಿ ಹೋದವರ ಕಥೆ ಇವೆ, ಅಲ್ಲಿ ಮಾತ್ರ ಹೆಮ್ಮೆಯಿಂದ ಹೇಳುತ್ತಾರೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ತಾಲೂಕಾಯಿತು.

ಕೊನೆಯ ವಿಳಾಸ ಸಿಕ್ಕರೂ ಜಾಗ ಸಿಗಬೇಕೆಂದಿಲ್ಲ. ನವಿಲುತೀರ್ಥದ ಆಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿದು ರೇಣುಕಾ ಸಾಗರ ತುಂಬಿದಾಗ ಗಾವಠಾಣಾ, ಹೊಲ, ಸಮಾಧಿ ಎಲ್ಲ ನೀರೊಳಗೆ ಹೋದವು. ಮಂದಿ ಎತ್ತರದ ಜಾಗಕ್ಕೆ ಬಂದು ಅದೇ ಹೆಸರಿನ ಊರು ಕಟ್ಟಿಕೊಂಡರು. 1950ರ ಕಾಗದದ ಊರಿಗೂ ಇವತ್ತಿನ ಊರಿಗೂ ಹೆಸರು ಒಂದೇ, ನೆಲ ಒಂದಲ್ಲ. ಬ್ಯಾಸಿಗ್ಯಾಗ ಕೆರೆ ಬತ್ತಿದರೆ ಹಳೆಯ ಗುಡಿಯ ಕಲ್ಲು, ಗೋಡೆಯ ಪಾಯ ಮೇಲೆ ಕಾಣುತ್ತವೆ, ಮುದುಕರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಇದು ನಮ್ಮ ಪಡಸಾಲಿ ಅಂತ ಕೆಸರು ತೋರಿಸುತ್ತಾರೆ. ಕೆಳಗೆ ರಾಮದುರ್ಗದ ಕಡೆ 2019ರ ಆಗಸ್ಟಿನ ಹೊಳೆ ಎಷ್ಟೋ ಮಣ್ಣಿನ ಮನೆಗಳನ್ನು ಬೀಳಿಸಿತು. ಗೋಡೆಯ ಜೊತೆಗೆ ಅಟ್ಟದ ಮೇಲಿನ ಟ್ರಂಕುಗಳೂ ಹೋದವು.

ಈಗ ತಾಲೂಕು ಕಚೇರಿಯ ಹಳೆಯ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ. ಹುಳ ಹತ್ತಿದ ಡೈರಿ ಮುಟ್ಟಿದರೆ ಪುಡಿಯಾಗುತ್ತದೆ, ಚಿತ್ರ ಉಳಿಯುತ್ತದೆ. ಆದರೆ ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಮೊದಲು ಅವರ ಹತ್ತಿರ ಕೂಡ್ರಿ, ಕಚೇರಿಗೆ ಆಮೇಲೆ ಹೋಗ್ರಿ. ಕಡತಕ್ಕೆ ನಂಬರು ಬೇಕು, ಆ ನಂಬರಿನ ಹೊಲಕ್ಕೆ ಮನೆಯಲ್ಲಿ ಏನು ಹೆಸರು ಇತ್ತು ಅಂತ ಹೇಳುವವರು ಅವರು.

ನಮ್ಮ ಕಡೆ ಕಾಗದಕ್ಕಿಂತ ಹಳೆಯ ಡೈರೆಕ್ಟರಿ ಒಂದಿದೆ, ಅದು ಎತ್ತಿನ ಮೇಲೆ ಕೂತು ಬರುತ್ತಿತ್ತು. ಹೆಳವರು. ಕೆಲವು ವರ್ಷಕ್ಕೊಮ್ಮೆ ಸುಗ್ಗಿ ಮುಗಿದಮೇಲೆ ಮನೆ ಮುಂದೆ ಬಂದು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಹೆಸರು ಹೇಳುತ್ತಿದ್ದರು. ಯಾವ ಊರಿಂದ ಯಾವ ಊರಿಗೆ ಬಂದಿರಿ, ಮನೆದೇವರು ಯಾರು, ಯಾವ ಅಣ್ಣತಮ್ಮಂದಿರು ಎಲ್ಲಿ ಒಡೆದು ಹೋದರು, ಎಲ್ಲ ಅವರ ಬಾಯಲ್ಲಿ. ಕಾಳು, ರೊಕ್ಕ, ಅರಿವೆ, ಅನುಕೂಲ ಇದ್ದವರು ಒಂದು ಹೋರಿಗರ ಕೊಟ್ಟು ಕಳಿಸುತ್ತಿದ್ದರು. ಈಗ ಎತ್ತು ಹೋಗಿ ವಾಹನ ಬಂದಿದೆ, ಬಾಯಿಪಾಠದ ಜೊತೆಗೆ ಬರೆದ ಪುಸ್ತಕಗಳಿವೆ. ಪುಸ್ತಕವನ್ನು ನಿಮ್ಮ ಕೈಗೆ ಕೊಡುವುದಿಲ್ಲ, ಅದು ಅವರ ಹೊಟ್ಟೆಪಾಡು, ಕೇಳಲೂಬಾರದು. ಗಂಡುಮಕ್ಕಳ ಸಾಲನ್ನೇ ಹಿಡಿದು ಹೋಗುವುದು ಅವರ ದೊಡ್ಡ ಕೊರತೆ. ಆದರೂ ವತನ ಇಲ್ಲದ, ಪತ್ರ ಬರೆಸದ ಮನೆತನವನ್ನೂ ಅವರು ಬಿಡಲಿಲ್ಲ.

ನಮ್ಮ ಮನೆಯ ಹೆಳವರು ಹಿಂದಿನ ಸಲ ಬಂದಾಗ ಆ ಹಿರಿಯನ ಹೆಸರಿಗೆ ಬಂದು ಒಂದು ಕ್ಷಣ ನಿಂತು, ಮುಂದಿನ ಹೆಸರಿಗೆ ದಾಟಿದರಂತೆ. ಅವರ ಪುಸ್ತಕದಲ್ಲಿ ಅವನ ಮುಂದಿನ ಜಾಗ ಖಾಲಿ ಇದೆ. ಈ ಸಲ ಸುಗ್ಗಿ ಮುಗಿದಮೇಲೆ ಬರುತ್ತೇವೆ ಅಂತ ಹೇಳಿ ಕಳಿಸಿದ್ದಾರೆ. ಕಾಕಾ ಪತ್ರದ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜಗಲಿಯ ಮೇಲೆ ಇಟ್ಟುಕೊಂಡಿದ್ದಾನೆ. ಆ ಖಾಲಿ ಜಾಗದಲ್ಲಿ ‘ರಾಮದುರ್ಗ, ನೇಕಾರ’ ಅಂತ ಬರೆಸುವುದು ಅವನ ಹಟ. ದೊಡ್ಡವ್ವನಿಗೂ ಒಂದು ಹಟ ಇದೆ: ಬರೆಸುವುದಾದರೆ ಪಕ್ಕದಲ್ಲಿ ಅವನ ಹೆಂಡತಿಯ ಹೆಸರನ್ನೂ ಬರೆಸಬೇಕಂತೆ. ಹೆಳವರು ಒಪ್ಪುತ್ತಾರೋ ಇಲ್ಲವೋ ನೋಡಬೇಕು.